ಹದಿನೇಳು ಸಾವಿಗೆ ಒಂದೇ ತಾರೀಖು

ಆ ಬೆಳಿಗ್ಗೆ ಮಂಜು ಬೀದಿಗಿಳಿದು ಅಲ್ಲೇ ಬಿಡಾರ ಹೂಡಿತ್ತು. ದಾಖಲೆ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದ ಗಡಿಯಾರದಜ್ಜನಿಗೆ ಎದುರಿನ ಕಟ್ಟಡ ಕಾಣುತ್ತಿರಲಿಲ್ಲ. ಹೆಜ್ಜೆಯ ಸದ್ದು ಮೊದಲು ಬರುತ್ತಿತ್ತು, ಮನುಷ್ಯರು ಆಮೇಲೆ. ಸೂರ್ಯನನ್ನೇ ಮುಚ್ಚಿಡುವ ಭಗವಂತನಿಗೆ ಒಂದು ತಾರೀಖನ್ನು ಮುಚ್ಚಿಡುವುದು ಎಷ್ಟರ ಕೆಲಸ, ಎಂದುಕೊಂಡ ಅಜ್ಜ. ಆದರೆ ಭಗವಂತ ಯಾವುದನ್ನೂ ಎಂದೆಂದಿಗೂ ಮುಚ್ಚಿಡುವವನಲ್ಲ ಎಂಬ ನಂಬಿಕೆಯೂ ಇತ್ತು. ಎಪ್ಪತ್ತೊಂದು ವರ್ಷ ಅಜ್ಜ ಉಸಿರಾಡಿದ್ದು ಆ ನಂಬಿಕೆಯಲ್ಲೇ.

"ಏಳಿ ಅಜ್ಜಾ, ಮೇಲೇಳಿ. ಕಲ್ಲು ಹಿಮ ಆಗಿದೆ. ನಾಳೆ ಸೊಂಟ ಹಿಡ್ಕೊಂಡ್ರೆ ನಿಮ್ಮ ವಂಶಾವಳಿ ಜೊತೆ ನಿಮ್ಮ ಬೆನ್ನನ್ನೂ ನಾನೇ ನೆಟ್ಟಗೆ ಮಾಡ್ಬೇಕಾಗತ್ತೆ."

ದನಿ ಬಂತು, ಅದರ ಹಿಂದೆ ದಫ್ತರದಮ್ಮ ಬಂದರು. ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಮೇಲೆ, ಬೇರೆಯವರ ಅಜ್ಜ ಮುತ್ತಜ್ಜಂದಿರನ್ನು ಹುಡುಕಿಕೊಡುವುದೇ ಅವರ ಕಸುಬಾಗಿತ್ತು. ಹೆಗಲಿಗೊಂದು ಬಟ್ಟೆ ಚೀಲ, ಕಿವಿಗೊಂದು ಪೆನ್ಸಿಲ್ಲು. ಅವರ ನಿಜವಾದ ಹೆಸರು ಮರೆತುಹೋಗಿ ಎಷ್ಟೋ ವರ್ಷವಾಗಿತ್ತು, ಬಹುಶಃ ಅವರಿಗೇ.

"ಹನ್ನೆರಡಕ್ಕೆ ಮೆಷಿನ್ ಶುರುವಂತೆ ಅಮ್ಮ," ಅಂದ ಅಜ್ಜ. "ಇನ್ನು ಮೂರೇ ಗಂಟೆ."

ಊರಿನ ಹಳೆಯ ಅಚ್ಚುಮನೆಗೆ ನೂರು ತುಂಬಿತ್ತು. ಅದರ ನೆನಪಿಗೆ ಮನೆತನದ ಚರಿತ್ರೆಯೊಂದು ಅಂದು ಮಧ್ಯಾಹ್ನ ಅಚ್ಚಾಗಲಿತ್ತು. ಅದರ ಮೊದಲ ಹಾಳೆಯ ವಂಶವೃಕ್ಷದಲ್ಲಿ, ಅಚ್ಚುಮನೆ ಕಟ್ಟಿದ ಹಿರಿಯರಿಗೆ ಒಬ್ಬಳೇ ಹೆಂಡತಿ. ಎರಡನೆಯವಳಾಗಿ ಬಂದ ಗಡಿಯಾರದಜ್ಜನ ತಾಯಿ ಅದರಲ್ಲಿಲ್ಲ, ಅಜ್ಜನೂ ಇಲ್ಲ. ಯಾಕೆಂದರೆ ಸರ್ಕಾರಿ ದಫ್ತರದ ಪ್ರಕಾರ ಎರಡನೇ ಮದುವೆ ನಡೆದದ್ದು ಅಕ್ಟೋಬರ್ ಒಂಬತ್ತಕ್ಕೆ. ಮೊದಲ ಹೆಂಡತಿ ತೀರಿಕೊಂಡದ್ದು ಅದೇ ವರ್ಷ ನವೆಂಬರ್ ಇಪ್ಪತ್ತೆರಡಕ್ಕೆ. ಹೆಂಡತಿ ಬದುಕಿರುವಾಗಲೇ ಆದ ಮದುವೆ ಮದುವೆಯೇ ಅಲ್ಲ. ಅವಳು ಮೊದಲೇ ತೀರಿಕೊಂಡಿದ್ದಳು ಎಂಬ ಅಜ್ಜನ ತಾಯಿಯ ಮಾತನ್ನು ಆ ಕಾಗದದ ಮುಂದೆ ಯಾರೂ ನಂಬಿರಲಿಲ್ಲ. 'ಸೇರಿಕೊಂಡವಳ ಮಗ' ಎನ್ನುವ ಮಾತನ್ನು ಅಜ್ಜ ಶಾಲೆಯ ಅಂಗಳದಲ್ಲಿ ಕೇಳಿದ್ದ, ತನ್ನ ಮದುವೆಯ ದಿನ ಕೇಳಿದ್ದ, ತಾಯಿಯನ್ನು ಮಣ್ಣು ಮಾಡಿದ ದಿನವೂ ಕೇಳಿದ್ದ. ಇನ್ನು ಅದು ಪುಸ್ತಕದಲ್ಲಿ ಕೂತರೆ ಕೇಳಲು ಕಿವಿಯೇ ಬೇಕಾಗಿರಲಿಲ್ಲ.

"ಅಜ್ಜಾ, ನಿಂತ ಗಡಿಯಾರ ರಿಪೇರಿಗೆ ಬಂದ್ರೆ ನೀವು ಮೊದಲು ಮುಳ್ಳು ನೋಡ್ತೀರಾ?"

"ಮುಳ್ಳು ನೋಡಿ ಏನು ಮಾಡ್ಲಿ? ಹಿಂದಿನ ಮುಚ್ಚಳ ಬಿಚ್ತೀನಿ."

"ನೋಡಿ, ಮೂರು ವಾರದಿಂದ ನಾನು ಮುಳ್ಳನ್ನೇ ನೋಡ್ತಾ ಕೂತಿದ್ದೆ. ರಾತ್ರಿ ಹೊಳೀತು. ಬನ್ನಿ."

ದಾಖಲೆ ಕೋಣೆಯ ಗುಮಾಸ್ತನನ್ನು ಎಲ್ಲರೂ ಧೂಳಪ್ಪ ಅನ್ನುತ್ತಿದ್ದರು. ಅವನು ಸಿಟ್ಟಾಗುತ್ತಿರಲಿಲ್ಲ, ಒಂದು ಸೀನು ಸೀನಿ ಒಪ್ಪಿಕೊಳ್ಳುತ್ತಿದ್ದ. ಮರಣ ರಿಜಿಸ್ಟರನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮೇಜಿನ ಮೇಲೆ ಮಲಗಿಸಿದ.

"ಅದೇ ಪುಟ, ಅದೇ ಸಾಲು," ಅಂದ. "ಹೋದ ಸಲ ನೋಡಿದಾಗಲೂ ಸತ್ತಿದ್ರು, ಈಗಲೂ ಸತ್ತಿದ್ದಾರೆ."

"ಸಾಲು ಬೇಡಪ್ಪ. ಪುಟ ಬೇಕು." ದಫ್ತರದಮ್ಮ ರಿಜಿಸ್ಟರನ್ನು ಅಜ್ಜನ ಕಡೆ ತಿರುಗಿಸಿದರು. "ನಿಮ್ಮ ಭೂತಗನ್ನಡಿ ಹಾಕ್ಕೊಳ್ಳಿ. ಈ ಪುಟದಲ್ಲಿ ನವೆಂಬರ್ ಇಪ್ಪತ್ತೆರಡು ಎಷ್ಟು ಸಲ ಇದೆ, ಎಣಿಸಿ."

ಅಜ್ಜ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿಯನ್ನು ಜೇಬಿನಿಂದ ತೆಗೆದ. ಸಾಸಿವೆಯಷ್ಟು ತಿರುಪು ಹುಡುಕಿದ ಕಣ್ಣು ಅದು. ಅಜ್ಜ ಬೆರಳಿಟ್ಟು ಒಂದೊಂದೇ ಸಾಲು ಇಳಿದ. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು.

"ಹದಿನೇಳು."

"ಹದಿನೇಳು ಜನಾನೂ ಎಲ್ಲಿ ಸತ್ತವರು?"

"ಎಲ್ಲಾ ಗುಡ್ಡದ ಕ್ಷಯ ಆಸ್ಪತ್ರೆ." ಅಜ್ಜ ತಲೆ ಎತ್ತಿದ. "ಅಲ್ಲಿ ಬೆಂಕಿಗಿಂಕಿ ಬಿದ್ದಿತ್ತಾ ಅಮ್ಮ?"

"ಹಿಂದಿನ ಪುಟಗಳನ್ನ ತಿರುವಿ. ಅದೇ ಆಸ್ಪತ್ರೆಯ ಸಾವು ಅದಕ್ಕೆ ಮುಂಚೆ ಯಾವಾಗ ಬರೆದಿದ್ದಾರೆ ನೋಡಿ."

ಅಜ್ಜ ಹಿಂದಕ್ಕೆ ಹೋದ. ಅಕ್ಟೋಬರ್ ದಾಟಿದ, ಸೆಪ್ಟೆಂಬರ್ ದಾಟಿದ, ಆಗಸ್ಟ್ ದಾಟಿದ. ಗುಡ್ಡದ ಆಸ್ಪತ್ರೆಯ ಹೆಸರು ಸಿಕ್ಕಿದ್ದು ಜುಲೈ ಹತ್ತರಂದು.

"ನಾಲ್ಕು ತಿಂಗಳು ಯಮನಿಗೆ ರಜ," ಅಂದರು ದಫ್ತರದಮ್ಮ. "ಆಮೇಲೆ ಒಂದೇ ದಿನ ಹದಿನೇಳು ಜನರನ್ನ ಗೋರ್ಕೊಂಡು ಹೋದ. ಯಮ ಹಾಗೆ ಮಾಡಲ್ಲ ಅಜ್ಜಾ. ಹಾಗೆ ಮಾಡೋರು ಗುಮಾಸ್ತರು."

ಧೂಳಪ್ಪನ ಸೀನು ಅರ್ಧಕ್ಕೇ ನಿಂತಿತು. "ಅಯ್ಯೋ, ಸೇತುವೆ!" ಅಂದ.

"ಯಾವ ಸೇತುವೆ?"

"ನನಗೆ ಕೆಲಸ ಕಲಿಸಿದ ಹಿರಿಯರು ಹೇಳ್ತಿದ್ರಮ್ಮ. ಒಂದು ವರ್ಷ ಮಳೇಲಿ ಗುಡ್ಡದ ದಾರಿಯ ಸೇತುವೆ ಕೊಚ್ಕೊಂಡು ಹೋಗಿ, ನವೆಂಬರ್ ತನಕ ಕಟ್ಟಿರಲಿಲ್ಲವಂತೆ. ಜನ ದೋಣೀಲಿ ದಾಟ್ತಿದ್ರು. ಆದ್ರೆ ಸರ್ಕಾರಿ ಕಾಗದ ದೋಣೀಲಿ ದಾಟೋ ಹಾಗಿರಲಿಲ್ಲ. ನೆನೆದ್ರೆ ಯಾರು ಹೊಣೆ? ಅದಕ್ಕೆ ಆಸ್ಪತ್ರೆಯವರು ಎಲ್ಲ ವರದಿ ಕಟ್ಟಿಟ್ಟು, ಸೇತುವೆ ಆದ ಮೇಲೆ ಒಂದೇ ಗಂಟು ಕಳಿಸಿದ್ರು. ಇಲ್ಲಿನ ಗುಮಾಸ್ತನಿಗೆ ಒಂದೇ ತಾರೀಖಿನ ಕಾಲಂ. ಗಂಟು ಬಿಚ್ಚಿದ ದಿನವನ್ನೇ ಹದಿನೇಳು ಜನಕ್ಕೂ ಹಾಕಿ ಮನೆಗೆ ಹೋಗಿರ್ತಾನೆ."

"ಮನುಷ್ಯರು ಮುಳುಗಿದ್ರೆ ಪರವಾಗಿಲ್ಲ, ಕಾಗದ ನೆನೀಬಾರದು," ಅಂದ ಅಜ್ಜ. ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಊರೆಲ್ಲ ಓದಿದ್ದು ಒಂದು ಸಾಲು. ಪುಟ ಓದಿದವರೇ ಇರಲಿಲ್ಲ.

"ಇದರಿಂದ ತಾರೀಖು ತಪ್ಪು ಅಂತ ಆಯ್ತು, ಅಷ್ಟೇ," ಅಂದರು ದಫ್ತರದಮ್ಮ. "ಸರಿಯಾದ್ದು ಯಾವುದು? ಡಿಸೆಂಬರಲ್ಲಿ ಸತ್ತಿಲ್ಲ ಅನ್ನೋದು ಖಂಡಿತ. ಆದ್ರೆ ಜುಲೈನಲ್ಲೋ, ಮದುವೆ ಆದ ಮಾರನೇ ದಿನವೋ? ಧೂಳಪ್ಪ, ಆಸ್ಪತ್ರೆ ಮುಚ್ಚಿದಾಗ ಅಲ್ಲಿನ ಪುಸ್ತಕ ಎಲ್ಲಿಗೆ ಬಂದ್ವು?"

"ಮೂರು ಟ್ರಂಕು, ಮೆಟ್ಟಿಲ ಕೆಳಗೆ. ರೋಗಿಗಳ ಕೇಸಿನ ಪುಸ್ತಕ ಯಾವುದೂ ಇಲ್ಲಮ್ಮ, ಆಗಲೇ ನೋಡಿದೀನಿ. ಅಡುಗೆಮನೆ ಲೆಕ್ಕ, ಬಟ್ಟೆ ಒಗೆಯೋರ ಲೆಕ್ಕ, ಹಾಸಿಗೆ ಲೆಕ್ಕ. ಕೆಲಸಕ್ಕೆ ಬಾರದ್ದು."

"ಹಾಸಿಗೆ ಲೆಕ್ಕ ಅಂದ್ರೆ?"

"ಸುಟ್ಟ ಹಾಸಿಗೆ ಲೆಕ್ಕ. ಕ್ಷಯ ಅಲ್ವಾ? ರೋಗಿ ಸತ್ತ ದಿನವೇ ಹಾಸಿಗೆ, ದಿಂಬು ಹಿತ್ತಲಲ್ಲಿ ಸುಡ್ತಿದ್ರು. ಉಗ್ರಾಣದವನು ನಂಬರು ಬರ್ಕೊಂಡು..." ಧೂಳಪ್ಪ ತನ್ನ ಮಾತನ್ನು ತಾನೇ ಕೇಳಿಸಿಕೊಂಡು ಬಾಯಿ ತೆರೆದುಕೊಂಡೇ ನಿಂತ. ಆಮೇಲೆ ಓಡಿದ. ಆ ಕಚೇರಿಯಲ್ಲಿ ಯಾರಾದರೂ ಓಡಿದ್ದನ್ನು ಗೋಡೆಗಳು ನೋಡಿದ್ದು ಅದೇ ಮೊದಲಿರಬೇಕು.

ಮರಣ ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ, ಪ್ರತಿ ಹೆಸರಿನ ಮುಂದೆ ಹಾಸಿಗೆಯ ನಂಬರಿತ್ತು. ಮೊದಲ ಹೆಂಡತಿಯದು ಮೂವತ್ತೊಂದು. ಹೊಗೆ ಹಿಡಿದ ರಟ್ಟಿನ ಪುಸ್ತಕವನ್ನು ಅಜ್ಜನೇ ಬಿಡಿಸಿದ.  ಒಂದೊಂದೇ ಸಾಲಿಗೆ ಬೆರಳಿಟ್ಟು ಆ ನಂಬರು ಹುಡುಕಿದ.

ಹಾಸಿಗೆ ಮೂವತ್ತೊಂದು. ಸುಟ್ಟದ್ದು, ಜುಲೈ ಇಪ್ಪತ್ತೊಂಬತ್ತು.

ಅಜ್ಜ ಬೆರಳು ಮಡಿಸಿ ಎಣಿಸಿದ. ಮದುವೆಗೆ ಎಪ್ಪತ್ತೆರಡು ದಿನ ಮುಂಚೆ. ಅವನ ತಾಯಿ ಕಾಲಿಟ್ಟದ್ದು ಹೆಂಡತಿಯಿದ್ದ ಮನೆಗಲ್ಲ, ಹೆಂಡತಿ ಇಲ್ಲವಾದ ಮನೆಗೆ. ಭೂತಗನ್ನಡಿ ಮಂಜು ಹಿಡಿಯಿತು, ಒಳಗಿನಿಂದ.

"ಅಳಬೇಡಿ, ಶಾಯಿ ಕರಗತ್ತೆ," ಅಂದ ಧೂಳಪ್ಪ, ತಾನೇ ಕಣ್ಣೊರೆಸಿಕೊಳ್ಳುತ್ತ.

ದಫ್ತರದಮ್ಮ ಮಾತ್ರ ಖುಷಿಪಡಲು ಪುರುಸೊತ್ತು ತೆಗೆದುಕೊಳ್ಳಲಿಲ್ಲ. ಹದಿನೇಳು ಹಾಸಿಗೆಗಳನ್ನೂ ಒಂದೊಂದಾಗಿ ತಾಳೆ ನೋಡಿ ಪಟ್ಟಿ ಮಾಡಿದರು. ಕೊನೆಗೆ ಮೂವತ್ತೊಂದರ ಸಾಲಿಗೆ ಮರಳಿ, ಅದರ ತುದಿಯ ಕಾಲಂ ಓದಿದರು. ಅವರ ಪೆನ್ಸಿಲ್ಲು ನಿಂತಿತು. ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು.

"ಏನಮ್ಮ?"

"ಅಲ್ಲೇ ಹೇಳ್ತೀನಿ. ಧೂಳಪ್ಪ, ಈ ಪುಸ್ತಕ ನಮ್ಮ ಜೊತೆ ಬರಬೇಕು."

"ಪುಸ್ತಕ ಒಂದೇ ಹೊರಗೆ ಹೋಗೋ ಹಾಗಿಲ್ಲಮ್ಮ."

"ಹಾಗಾದ್ರೆ ನೀನೂ ಬಾ."

ಅಚ್ಚುಮನೆಯ ಒಳಗೆ ಶಾಯಿಯ ವಾಸನೆ, ಕಾಗದದ ರೀಮುಗಳ ಓಣಿ. ಮೆಷಿನ್ ಆಗಲೇ ಗುಡುಗುತ್ತಿತ್ತು. ಮೇಸ್ತ್ರಿ ಪರೀಕ್ಷೆಯ ಹಾಳೆಗಳನ್ನು ಎತ್ತಿ ಬೆಳಕಿಗೆ ಹಿಡಿಯುತ್ತಿದ್ದ. ಪಕ್ಕದ ಗಾಜಿನ ಕೋಣೆಯಲ್ಲಿ ದೊಡ್ಡತ್ತೆ ಕೂತು ಪ್ರೂಫ್ ತಿದ್ದುತ್ತಿದ್ದರು. ತೊಂಬತ್ತೊಂದು ದಾಟಿದರೂ ಕೆಂಪು ಪೆನ್ಸಿಲ್ಲು ಬಿಟ್ಟವರಲ್ಲ. ಮೊದಲ ಹೆಂಡತಿಯ ಮಗಳು; ಈಗಿನ ಯಜಮಾನನಿಗೆ ಸೋದರತ್ತೆ. ಊರವರ ತಪ್ಪನ್ನೆಲ್ಲ ಎಪ್ಪತ್ತು ವರ್ಷದಿಂದ ತಿದ್ದುತ್ತ ಬಂದವರು.

ಯಜಮಾನ ಕನ್ನಡಕವನ್ನು ಹಣೆಗೇರಿಸಿದ. "ಏನು ಗಡಿಯಾರದವರೇ, ಮತ್ತೆ ಬಂದ್ರಾ? ಗೋಡೆ ಗಡಿಯಾರ ಸರಿಯಾಗೇ ನಡೀತಿದೆಯಲ್ಲ."

"ಗಡಿಯಾರ ಸರಿ ಇದೆ. ಕ್ಯಾಲೆಂಡರು ಕೆಟ್ಟಿದೆ," ಅಂದ ಅಜ್ಜ.

ಮೇಸ್ತ್ರಿ ಕಿಸಕ್ಕನೆ ನಕ್ಕು, ಯಜಮಾನನ ಮುಖ ನೋಡಿ ಕೆಮ್ಮಿದ.

ದಫ್ತರದಮ್ಮ ಹದಿನೇಳು ಸಾವಿನ ಕಥೆ ಹೇಳಿದರು. ಯಜಮಾನ ಕೈಕಟ್ಟಿ ಕೇಳಿದ. ಕೆಟ್ಟವನಲ್ಲ; ಅಪ್ಪ ಹೇಳಿದ್ದನ್ನು ನಂಬಿ ಬೆಳೆದವನು, ಅಷ್ಟೇ.

"ಸಾಂಕ್ರಾಮಿಕ ಬಂದಿರಬಹುದಲ್ಲ, ಒಂದೇ ದಿನ?"

"ಹದಿನೇಳು ಹಾಸಿಗೆ, ಹದಿನೇಳು ಬೇರೆ ಬೇರೆ ದಿನ ಸುಟ್ಟಿದೆ. ಪಟ್ಟಿ ಇಲ್ಲಿದೆ."

"ಹಾಸಿಗೆ ಸುಟ್ರೆ ಮನುಷ್ಯ ಸತ್ತ ಅಂತ ಅರ್ಥವೇ? ಹಾಸಿಗೆ ಹರಿದಿತ್ತು, ಸುಟ್ರು."

"ಮೊದಲ ಹಾಳೆ ಓದಪ್ಪ ಧೂಳಪ್ಪ."

ಧೂಳಪ್ಪ ಗಂಟಲು ಸರಿಮಾಡಿಕೊಂಡು, ಶಾಲೆಯ ಮಗುವಿನಂತೆ ಓದಿದ: "'ರೋಗಿ ಮೃತಪಟ್ಟ ಹೊರತು ಹಾಸಿಗೆಯನ್ನು ಸುಡಕೂಡದು. ಹರಿದುದನ್ನು ಹೊಲಿಸಿ, ಬಿಸಿಲಿಗೆ ಹಾಕಿ ಬಳಸತಕ್ಕದ್ದು.'"

"ಉಗ್ರಾಣದವನು ತಾರೀಖು ತಪ್ಪಾಗಿ ಬರೆದಿದ್ರೆ?" ಯಜಮಾನನ ದನಿ ಏರಿತು. "ಒಬ್ಬ ಗುಮಾಸ್ತ ತಪ್ಪು ಬರೆದ ಅಂತೀರಿ, ಇನ್ನೊಬ್ಬ ಸರಿ ಬರೆದ ಅಂತೀರಿ. ನಿಮಗೆ ಬೇಕಾದವನು ಸತ್ಯವಂತ, ಬೇಡದವನು ಸುಳ್ಳ. ಚೆನ್ನಾಗಿದೆ ಕಣಮ್ಮ! ನಮ್ಮತ್ತೆ ಆಗ ಹತ್ತೊಂಬತ್ತರ ಹುಡುಗಿ. ಅವರಿಗೆ ತಮ್ಮ ತಾಯಿ ಯಾವಾಗ ಹೋದ್ರು ಅಂತ ಗೊತ್ತಿಲ್ವಾ?"

"ಗೊತ್ತು," ಅಂದರು ದಫ್ತರದಮ್ಮ. ತೀರ ಮೆತ್ತಗೆ. "ಅದಕ್ಕೇ ಪುಸ್ತಕ ಹೊತ್ತು ತಂದಿದ್ದು. ಸತ್ತವರ ಸಾಮಾನನ್ನ ಮನೆಯವರ ಕೈಗೆ ಕೊಟ್ಟು, ಅದೇ ದಿನ ತುದಿಯ ಕಾಲಮ್ಮಿನಲ್ಲಿ ಸಹಿ ಹಾಕಿಸ್ಕೊಳ್ತಿದ್ರು. ಮೂವತ್ತೊಂದನೇ ಹಾಸಿಗೆಯ ಮುಂದೆ ಸಹಿ ಇದೆ, ಪಕ್ಕದಲ್ಲಿ ತಾರೀಖೂ ಅವರ ಕೈಬರಹದ್ದೇ. ಯಾರದ್ದು ಅಂತ ನೀವೇ ಹೇಳಿ."

ಯಜಮಾನ ಬಾಗಿ ನೋಡಿದ. ಕೊನೆಯಲ್ಲಿ ಕೊಕ್ಕೆಯಂತೆ ಮೇಲಕ್ಕೆ ಎಳೆದ ಗೆರೆ. ಆ ಸಹಿ ಇಲ್ಲದೆ ಒಂದು ಹಾಳೆಯೂ ಈ ಅಚ್ಚುಮನೆಯ ಮೆಷಿನ್ ಹತ್ತಿದ್ದಿಲ್ಲ. ಅವನು ತಲೆ ಎತ್ತಿ ಗಾಜಿನ ಕೋಣೆಯತ್ತ ತಿರುಗಿದ.

ದೊಡ್ಡತ್ತೆ ಆಗಲೇ ಬಾಗಿಲಲ್ಲಿ ನಿಂತಿದ್ದರು.

"ಮೆಷಿನ್ ನಿಲ್ಲಿಸು," ಅಂದರು.

ಮೇಸ್ತ್ರಿ ಯಜಮಾನನ ಅಪ್ಪಣೆಗೆ ಕಾಯಲಿಲ್ಲ. ಗುಡುಗು ನಿಂತಿತು.

"ಅತ್ತೆ, ನೀವು ಅಲ್ಲಿದ್ರಾ?"

"ಇದ್ದೆ. ದೋಣೀಲಿ ಹೋಗಿದ್ದೆ. ಅಮ್ಮನ ಹಾಸಿಗೆ ಉರಿಯೋದನ್ನ ನಿಂತು ನೋಡಿದೆ." ದೊಡ್ಡತ್ತೆ ಕುರ್ಚಿಯ ಬೆನ್ನು ಹಿಡಿದುಕೊಂಡರು. "ಎಪ್ಪತ್ತೆರಡು ದಿನ. ಅಮ್ಮನಿಗೆ ಗಂಜಿ ಕುಡಿಸಿದ ದಾದಿಯೇ ಅಮ್ಮನ ಜಾಗಕ್ಕೆ ಬಂದ್ಲು. ಒಳ್ಳೆಯವಳೇ. ಅದೇ ನನಗೆ ತಡೆಯೋಕೆ ಆಗಲಿಲ್ಲ. ಕೆಟ್ಟವಳಾಗಿದ್ರೆ ಜಗಳ ಆಡಿ ಮರೀತಿದ್ದೆ. ಆಮೇಲೆ ಒಂದಿನ ಯಾರೋ ದಫ್ತರದ ತಾರೀಖು ತೋರಿಸಿ ಕೇಳಿದ್ರು. ತಪ್ಪು ಅಂತ ಗೊತ್ತು. ಆದ್ರೂ ಸುಮ್ಮನಿದ್ದೆ. ಸುಳ್ಳು ಹೇಳಿದ್ದು ಕಾಗದ, ನಾನಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. ಅಪ್ಪ ತೀರಿಕೊಂಡ ವರ್ಷ ಆ ಕಾಗದ ಹಿಡ್ಕೊಂಡೇ ನಮ್ಮಣ್ಣ ಅವಳನ್ನ ಹೊರಗೆ ಹಾಕಿದ. ಇವನು ಆಗ ನಾಲ್ಕು ವರ್ಷದ ಮಗು. ಆಗಲೂ ಸುಮ್ಮನಿದ್ದೆ."

ಅವರು ಕೆಂಪು ಪೆನ್ಸಿಲ್ಲನ್ನು ಮೇಜಿನ ಮೇಲಿಟ್ಟರು.

"ಎಷ್ಟು ಲಕ್ಷ ತಪ್ಪು ತಿದ್ದಿದೀನೋ ದೇವರೇ ಬಲ್ಲ. ಇದೊಂದನ್ನ ಬಿಟ್ಟು."

ಅಜ್ಜನಿಗೆ ಏನೇನೋ ಅನ್ನಬೇಕೆಂದಿತ್ತು. ಎಪ್ಪತ್ತೊಂದು ವರ್ಷ ಕೂಡಿಟ್ಟ ಮಾತುಗಳಿದ್ದವು, ಒಂದೊಂದೂ ಹರಿತ. ಬಾಯಿಗೆ ಬಂದದ್ದು ಬೇರೆ. "ಕೂತ್ಕೊಳ್ಳಿ ಮೊದಲು. ಎಷ್ಟು ಹೊತ್ತು ನಿಂತಿರ್ತೀರಿ," ಅಂದ.

ಯಜಮಾನ ಅಚ್ಚಾಗಿದ್ದ ಹಾಳೆಯೊಂದನ್ನು ಎತ್ತಿ ತನ್ನ ಮನೆತನದ ಮರವನ್ನು ನೋಡಿದ. ನಡುವೆ ಹರಿದ. ಇನ್ನೊಂದು ಸಲ ಹರಿದ.

"ಮೇಸ್ತ್ರಿ, ಪ್ಲೇಟ್ ಇಳಿಸಿ."

"ಯಜಮಾನ್ರೇ, ಸಂಜೆ ಬೈಂಡಿಂಗಿನವರು ಬರ್ತಾರೆ..."

"ಬರಲಿ, ಕಾಯಲಿ. ಎಪ್ಪತ್ತು ವರ್ಷ ಕಾದವರು ಇಲ್ಲಿ ನಿಂತಿದ್ದಾರೆ." ಅವನು ಅಜ್ಜನ ಮುಂದೆ ಬಂದು ನಿಂತ. ಜೇಬಿನ ಪೆನ್ನು ತೆಗೆದ.   "ಚಿಕ್ಕಪ್ಪ... ಅಜ್ಜಿಯ ಪೂರ್ತಿ ಹೆಸರು ಹೇಳಿ. ನಾನೇ ಬರ್ಕೊಳ್ತೀನಿ."

ಅಜ್ಜ ಹೇಳಿದ. ಮೆಷಿನ್ ನಿಂತ ಮೌನದಲ್ಲಿ ಆ ಹೆಸರು ಕಾಗದದ ಓಣಿಗಳಲ್ಲೆಲ್ಲ ಓಡಾಡಿ ಬಂತು. ಹುಟ್ಟಿದ ಊರು ಹೇಳಿದ, ದಾದಿಯ ಕೆಲಸ ಕಲಿತ ವರ್ಷ ಹೇಳಿದ, ಯಾರೂ ಕೇಳದಿದ್ದರೂ ಅವಳ ಕೈರುಚಿ ಹೇಳಿದ. ಕೆಲಸದವರು ಒಬ್ಬೊಬ್ಬರಾಗಿ ಬಂದು ಸುತ್ತ ನೆರೆದರು. ಮೇಸ್ತ್ರಿ ಶಾಯಿ ಮೆತ್ತಿದ ಕೈ ಒರೆಸಿಕೊಳ್ಳದೆಯೇ ಚಪ್ಪಾಳೆ ಹೊಡೆದ, ಮಿಕ್ಕವರೂ ಹೊಡೆದರು. ಧೂಳಪ್ಪ ಆನಂದಕ್ಕೆ ಏಳು ಸಲ ಸೀನಿದ. ಹೊರಗೆ ಮಂಜು ಸರಿದು, ಬೀದಿಯ ಆಚೆಬದಿ ತನ್ನ ಕಿಟಕಿ ಬಾಗಿಲುಗಳ ಸಮೇತ ಮತ್ತೆ ಕಾಣಿಸಿಕೊಂಡಿತ್ತು.

ಗದ್ದಲ ತಣ್ಣಗಾಗುವ ತನಕ ದಫ್ತರದಮ್ಮ ಪುಸ್ತಕದ ಮೇಲೆ ಕೈಯಿಟ್ಟು ಕಾದರು.

"ದೊಡ್ಡತ್ತೆ, ಒಂದು ಬಾಕಿ ಇದೆ. ನೀವು ಸಹಿ ಹಾಕಿದ್ದು ಯಾವ ಸಾಮಾನಿಗೆ ಅಂತಲೂ ಬರೆದಿದೆ. ದಿಂಬಿನೊಳಗೆ ಸಿಕ್ಕ ಲಕೋಟೆ, ಎರಡು."

"ಹೌದು. ಒಂದು ನನ್ನ ಹೆಸರಿಗೆ. ಒಂದು ಆ ದಾದಿಯ ಹೆಸರಿಗೆ."

"ನಿಮ್ಮದರಲ್ಲಿ ಏನಿತ್ತು?"

ದೊಡ್ಡತ್ತೆ ಅಣ್ಣನ ಮಗನ ಮುಖ ನೋಡಿದರು. ನೋಟದಲ್ಲಿ ಕನಿಕರವಿತ್ತು. "ಅಮ್ಮನನ್ನ ಮದುವೆ ಆಗೋಕೆ ಮುಂಚೆ ಅಪ್ಪನಿಗೆ ಇನ್ನೊಂದು ಮದುವೆ ಆಗಿತ್ತಂತೆ. ಬೇರೆ ಊರಲ್ಲಿ. ಆಕೆ ಏನಾದಳು ಅನ್ನೋದು ಅಮ್ಮನಿಗೂ ಗೊತ್ತಿರಲಿಲ್ಲ."

ಯಜಮಾನನ ಪೆನ್ನು ಕಾಗದದ ಮೇಲೆಯೇ ನಿಂತು ಶಾಯಿ ಹರಡಿತು. ಬೆಳಿಗ್ಗೆಯವರೆಗೆ ಮರದ ಬುಡದಲ್ಲಿ ಗಟ್ಟಿಯಾಗಿ ಕೂತಿದ್ದ ಅವನ ಸ್ವಂತ ಅಜ್ಜಿ ಈಗ ಅಲ್ಲಾಡುತ್ತಿದ್ದಳು.

"ಹೆದರಬೇಡಪ್ಪ," ಅಂದ ಅಜ್ಜ, ಅವನ ಬೆನ್ನು ತಟ್ಟಿ. ಚಿಕ್ಕಪ್ಪನ ಗತ್ತು ಅಷ್ಟು ಬೇಗ ಬಂದುಬಿಟ್ಟಿತ್ತು. "ನಮ್ಮಮ್ಮನ ತಾರೀಖು ಹುಡುಕಿದವರು ನಿಮ್ಮಜ್ಜೀದನ್ನೂ ಹುಡುಕ್ತಾರೆ."

"ಆ ಪತ್ರ ನೋಡ್ಬೇಕಲ್ಲ, ದೊಡ್ಡತ್ತೆ," ಅಂದರು ದಫ್ತರದಮ್ಮ.

"ನನ್ನ ಹತ್ರ ಎಲ್ಲಿದೆ? ಹೋದ ಶುಕ್ರವಾರ ನೀವೇ ಕಳಿಸಿದ ಹೆಂಗಸು ಬಂದಿದ್ಲಲ್ಲ, ನಿಮ್ಮ ಸಹಾಯಕಿ ಅಂತ. ಮೊದಲ ಮದುವೆಯ ಪತ್ರ ಕೊಡಿ ಅಂತ ನೇರವಾಗಿ ಕೇಳಿದ್ಲು. ನಿಮ್ಮ ಕೈಗೆ ಸೇರಿದ್ರೆ ಎಲ್ಲ ತಾನಾಗೇ ಹೊರಗೆ ಬರತ್ತೆ, ನಾನು ಬಾಯಿಬಿಟ್ಟು ಹೇಳೋದು ತಪ್ಪತ್ತೆ ಅಂತ ಕೊಟ್ಟುಬಿಟ್ಟೆ."

ದಫ್ತರದಮ್ಮನ ಮುಖದ ಬಣ್ಣ ಇಳಿದದ್ದನ್ನು ಅಜ್ಜ ಮೊದಲ ಸಲ ನೋಡಿದ.

"ನನಗೆ ಸಹಾಯಕಿ ಯಾರೂ ಇಲ್ಲ," ಅಂದರು. "ನಾನು ಯಾರನ್ನೂ ಕಳಿಸಿಲ್ಲ. ಆ ಮೊದಲ ಮದುವೆ ವಿಷಯ ಗೊತ್ತಿರೋರು ಹೊರಗೆ ಇನ್ನೂ ಯಾರೋ ಇದ್ದಾರೆ ಅಂತಾಯ್ತು."

ಯಜಮಾನ ಬಾಗಿಲತ್ತ ನೋಡಿದ. ಧೂಳಪ್ಪ ಹಾಸಿಗೆಯ ಪುಸ್ತಕವನ್ನು ಎದೆಗೆ ಅವಚಿಕೊಂಡ. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು: ಎಷ್ಟು ವಯಸ್ಸು, ಎತ್ತರವೇ, ಕುಳ್ಳೇ, ಯಾವ ಕಡೆ ಹೋದಳು?

ಆ ಗಲಾಟೆಯಲ್ಲಿ ದೊಡ್ಡತ್ತೆ ಗಾಜಿನ ಕೋಣೆಗೆ ನಿಧಾನವಾಗಿ ನಡೆದುಹೋಗಿ, ತಮ್ಮ ಮೇಜಿನ ಕೆಳಗಿನ ಖಾನೆ ಎಳೆದರು. ಹಳದಿಗಟ್ಟಿದ ಲಕೋಟೆಯೊಂದನ್ನು ತೆಗೆದು, ಸೆರಗಿನಲ್ಲಿ ಒರೆಸಿ, ಹಿಂದಿರುಗಿ ಬಂದರು. ಅದರ ಅಂಟು ಬಿಚ್ಚಿರಲಿಲ್ಲ. ಮೇಲಿದ್ದ ಹೆಸರು, ಅಜ್ಜ ಈಗಷ್ಟೇ ಗಟ್ಟಿಯಾಗಿ ಹೇಳಿದ ಹೆಸರೇ.

ಅಜ್ಜನ ಅಂಗೈ ಬಿಡಿಸಿ ಅದನ್ನಿಟ್ಟರು. ಬೆರಳುಗಳನ್ನು ಒಂದೊಂದಾಗಿ ಮಡಿಸಿದರು.

"ತಗೋ ತಮ್ಮಾ," ಅಂದರು, ಅವನಿಗೊಬ್ಬನಿಗೇ ಕೇಳುವಷ್ಟು.